ಕೆಂಪು ದೀಪ ಇರುವಾಗ ಎಡಕ್ಕೆ ತಿರುಗಬಹುದೇ? ಮಂಗಳೂರು, ಉಡುಪಿಯ ಚಾಲಕರಿಗೊಂದು ಮಾರ್ಗದರ್ಶಿ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಸಿಗ್ನಲ್‌ನಲ್ಲಿ ಕೆಂಪು ದೀಪ ಉರಿಯುತ್ತಿದೆ, ಹೋಗಬೇಕಾದದ್ದು ಎಡಕ್ಕೆ, ರಸ್ತೆ ಖಾಲಿ ಇದ್ದಂತೆ ಕಾಣುತ್ತಿದೆ, ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಒತ್ತುತ್ತಿದ್ದಾರೆ. ಹೋಗಬಹುದೇ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದೆಂದು ಫಲಕವೋ ಹಸಿರು ಬಾಣವೋ ಪೊಲೀಸರ ಕೈಯೋ ಹೇಳಿದ್ದರೆ ಹೋಗಬಹುದು. ಯಾವುದೂ ಹೇಳದಿದ್ದರೆ ಕೆಂಪು ದೀಪ ಎಡಕ್ಕೂ ಕೆಂಪೇ. ‘ಎಡಕ್ಕೆ ಯಾವಾಗಲೂ ಫ್ರೀ’ ಎನ್ನುವುದು ಡ್ರೈವಿಂಗ್ ಕಲಿಸಿದ ಮಾವನಿಂದಲೋ ಪಕ್ಕದ ಮನೆಯ ಅಣ್ಣನಿಂದಲೋ ನಮಗೆ ಬಂದ ಮಾತು. ಕಾನೂನಿನಲ್ಲಿ ಅಂಥ ಸಾರ್ವತ್ರಿಕ ಅನುಮತಿ ಇಲ್ಲ.

1989ರ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಗಳು ಬಂದವು. ಸಂಚಾರ ಚಿಹ್ನೆಗಳನ್ನು ಪಾಲಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 119ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಕೆಂಪು ದೀಪ ಹಾರಿಸುವುದನ್ನು 184ನೇ ಕಲಂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಬಾರಿಯ ತಪ್ಪಿಗೆ ಕಾಯ್ದೆಯಲ್ಲಿರುವ ಶಿಕ್ಷೆ 1,000 ರೂಪಾಯಿಯಿಂದ 5,000 ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಸ್ಥಳದಲ್ಲೇ ರಾಜಿ ದಂಡವಾಗಿ ವಸೂಲಿ ಮಾಡುವ ಮೊತ್ತವನ್ನು ಗೊತ್ತುಪಡಿಸುವುದು ರಾಜ್ಯ ಸರ್ಕಾರ. ‘ನಾನು ನೇರ ಹೋಗಲಿಲ್ಲ, ಎಡಕ್ಕೆ ತಿರುಗಿದ್ದಷ್ಟೇ’ ಎಂಬ ಸಮಜಾಯಿಷಿಗೆ ಅಲ್ಲಿ ರಿಯಾಯಿತಿಯಿಲ್ಲ.

ಮುಂದೆ ಮತ್ತೆ ಮತ್ತೆ ಬರುವ ಕೆಲವು ಮಾತುಗಳು ಮೊದಲೇ ಸ್ಪಷ್ಟವಾಗಿರಲಿ. ಸ್ಟಾಪ್ ಲೈನ್ ಎಂದರೆ ಸಿಗ್ನಲ್‌ಗೆ ಮೊದಲು ರಸ್ತೆಗೆ ಅಡ್ಡಲಾಗಿ ಬಳಿದ ದಪ್ಪ ಬಿಳಿ ಗೆರೆ. ಅದರ ಮುಂದಿನ ಬಿಳಿ ಪಟ್ಟೆಗಳು ಝೀಬ್ರಾ ಕ್ರಾಸಿಂಗ್, ಪಾದಚಾರಿಗಳ ಜಾಗ. ಫ್ರೀ ಲೆಫ್ಟ್ ಎಂದರೆ ಕೆಂಪು ದೀಪವಿದ್ದರೂ ಎಡಕ್ಕೆ ತಿರುಗಲು ಫಲಕ ಹಾಕಿ ಕೊಟ್ಟ ಅನುಮತಿ. ಸ್ಲಿಪ್ ರೋಡ್ ಎಂದರೆ ಎಡಕ್ಕೆ ತಿರುಗುವವರಿಗಾಗಿ ಮುಖ್ಯ ರಸ್ತೆಯಿಂದ ಸಣ್ಣ ತ್ರಿಕೋನದ ಕಟ್ಟೆ ಕಟ್ಟಿ ಬೇರ್ಪಡಿಸಿದ ಪಕ್ಕದ ದಾರಿ. ಬ್ಲೈಂಡ್ ಸ್ಪಾಟ್ ಎಂದರೆ ಚಾಲಕರಿಗೆ ನೇರವಾಗಿಯೂ ಕನ್ನಡಿಯಲ್ಲಿಯೂ ಕಾಣದ ಜಾಗ.

1. ಜಂಕ್ಷನ್ ಬರುವ ಮೊದಲೇ ಸಾಲು ಹಿಡಿಯಿರಿ

ಎಡ ತಿರುವು ಕೆಡುವುದು ಹೆಚ್ಚಾಗಿ ಸಿಗ್ನಲ್‌ನಲ್ಲಲ್ಲ, ಅದಕ್ಕಿಂತ ಐವತ್ತು ಮೀಟರ್ ಹಿಂದೆ. ಮಂಗಳೂರಿನ ಲಾಲ್‌ಬಾಗ್ ಕಡೆಯಿಂದ ಪಿವಿಎಸ್ ಜಂಕ್ಷನ್‌ಗೆ ಬಂದು ಬಂಟ್ಸ್ ಹಾಸ್ಟೆಲ್ ಕಡೆಗೆ ತಿರುಗಬೇಕಾದವರು ಕೊನೆಯವರೆಗೂ ಬಲಸಾಲಿನಲ್ಲಿದ್ದು, ಜಂಕ್ಷನ್ ಕಂಡೊಡನೆ ಎರಡು ಸಾಲು ಅಡ್ಡಹಾಯ್ದು ಎಡಕ್ಕೆ ನುಗ್ಗುವುದನ್ನು ದಿನವೂ ನೋಡಬಹುದು. ಎರಡು ವಿದ್ಯುತ್ ಕಂಬಗಳಷ್ಟು ದೂರ ಇರುವಾಗಲೇ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನವಾಗಿ ಎಡಸಾಲಿಗೆ ಬನ್ನಿ. ತಿರುಗಲು ಶುರು ಮಾಡಿದ ಮೇಲೆ ಹಾಕಿದ ಇಂಡಿಕೇಟರ್‌ನಿಂದ ಯಾರಿಗೂ ಉಪಯೋಗವಿಲ್ಲ. ಆಗಲೇ ನಡೆಯುತ್ತಿರುವುದರ ಸುದ್ದಿ ಅದು.

ನೇರ ಹೋಗುವವರಿಗೂ ಇಲ್ಲೊಂದು ಮಾತಿದೆ. ರಸ್ತೆಯ ಮೇಲೆ ಎಡಬಾಣ ಮಾತ್ರ ಬರೆದ ಸಾಲಿನಲ್ಲಿ ನೀವು ಕೆಂಪು ದೀಪಕ್ಕೆ ಕಾಯುತ್ತ ನಿಂತರೆ, ಹಿಂದೆ ನಿಂತು ಹಾರ್ನ್ ಒತ್ತುವವರ ಸಿಟ್ಟಿಗೆ ಕಾರಣವಿದೆ. ಬಾಣ, ಫಲಕ ಏನೂ ಇಲ್ಲದ ಸಾಲಾದರೆ ಅಲ್ಲಿ ನಿಲ್ಲುವುದು ನಿಮ್ಮ ತಪ್ಪಲ್ಲ. ಹಾರ್ನ್‌ಗೆ ಅಂಜಿ ಗೆರೆ ದಾಟಬೇಡಿ. ನೋಟಿಸ್ ಬರುವುದು ನಿಮ್ಮ ನಂಬರಿಗೆ, ಹಾರ್ನ್ ಒತ್ತಿದವರ ನಂಬರಿಗಲ್ಲ.

2. ಕಂಬವನ್ನು ಓದಿ

ದೀಪದ ಬಣ್ಣವನ್ನಷ್ಟೇ ನೋಡುವುದು ಸಾಲದು. ಅದರ ಆಕಾರವನ್ನೂ ಅಕ್ಕಪಕ್ಕದ ಫಲಕವನ್ನೂ ನೋಡಬೇಕು. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ದುಂಡಗಿನ ಕೆಂಪು ದೀಪ ಉರಿಯುತ್ತಿದ್ದು, ಬೇರೆ ಬಾಣವಾಗಲಿ ಫಲಕವಾಗಲಿ ಇಲ್ಲದಿದ್ದರೆ ಮೂರೂ ದಿಕ್ಕಿಗೆ ನಿಲುಗಡೆ. ಕೆಂಪಿನ ಜೊತೆಗೆ ಎಡಕ್ಕೆ ತೋರಿಸುವ ಹಸಿರು ಬಾಣ ಉರಿಯುತ್ತಿದ್ದರೆ ಎಡಕ್ಕೆ ಮಾತ್ರ ಹೋಗಬಹುದು. ಎಡಬಾಣವೇ ಕೆಂಪಾಗಿದ್ದರೆ ಎಡಕ್ಕೆ ಹೋಗುವಂತಿಲ್ಲ, ನೇರ ಹೋಗುವವರಿಗೆ ಹಸಿರು ಇದ್ದರೂ ಸರಿ. ಇದನ್ನು ಗಮನಿಸದೆ ಪಕ್ಕದ ಸಾಲು ಹೊರಟ ಕೂಡಲೇ ತಾವೂ ಹೊರಡುವವರು ಬಹಳ. ಪಕ್ಕದವರ ದೀಪ ಅವರದು, ನಿಮ್ಮದಲ್ಲ.

ದುಂಡಗಿನ ಹಸಿರು ದೀಪವಿದ್ದರೆ ಎಡಕ್ಕೂ ತಿರುಗಬಹುದು. ಆದರೆ ನೀವು ಪ್ರವೇಶಿಸುವ ರಸ್ತೆಯನ್ನು ಯಾರಾದರೂ ದಾಟುತ್ತಿದ್ದರೆ ಅವರು ದಾಟಿ ಮುಗಿಸುವವರೆಗೆ ಕಾಯಬೇಕು. ಹಸಿರು ದೀಪ ನಿಮಗೆ ಕೊಡುವುದು ಹೊರಡುವ ಅನುಮತಿ, ಎದುರಿರುವವರನ್ನು ಸರಿಸುವ ಅಧಿಕಾರವನ್ನಲ್ಲ.

ಫ್ರೀ ಲೆಫ್ಟ್ ಫಲಕ ಇದ್ದರೆ ಕೆಂಪಿನಲ್ಲೂ ಎಡಕ್ಕೆ ಹೋಗಬಹುದು. ಆದರೆ ನಿಮ್ಮ ಬಲದಿಂದ ಹಸಿರು ಸಿಕ್ಕಿ ಬರುತ್ತಿರುವ ವಾಹನಗಳಿಗೂ ಪಾದಚಾರಿಗಳಿಗೂ ದಾರಿ ಬಿಟ್ಟ ನಂತರ. ಈ ‘ನಂತರ’ವನ್ನು ನುಂಗಿ ಹಾಕಿ, ಫ್ರೀ ಎಂಬುದನ್ನಷ್ಟೇ ಹಿಡಿದುಕೊಂಡು ಬ್ರೇಕ್ ಮುಟ್ಟದೆ ತಿರುಗುವವರಿಂದಲೇ ನನ್ನ ಮಟ್ಟಿಗೆ ಹೆಚ್ಚಿನ ಅಪಾಯ.

ಇನ್ನೊಂದು ಫಲಕ ಅನೇಕರನ್ನು ದಾರಿ ತಪ್ಪಿಸುತ್ತದೆ. ನೀಲಿ ವೃತ್ತದೊಳಗೆ ಎಡಕ್ಕೆ ಬಾಗಿದ ಬಿಳಿ ಬಾಣ. ಇದು ಫ್ರೀ ಲೆಫ್ಟ್ ಅಲ್ಲ. ಇಲ್ಲಿಂದ ಎಡಕ್ಕೇ ಹೋಗಬೇಕು, ಬೇರೆ ದಿಕ್ಕಿಗೆ ಹೋಗುವಂತಿಲ್ಲ ಎಂಬ ಕಡ್ಡಾಯ ಸೂಚನೆ. ಯಾವ ದಿಕ್ಕಿಗೆ ಎಂದು ಅದು ಹೇಳುತ್ತದೆ, ಯಾವಾಗ ಎಂದು ಹೇಳುವುದು ದೀಪವೇ. ಕೆಂಪು ವೃತ್ತದೊಳಗೆ ಎಡಬಾಣಕ್ಕೆ ಅಡ್ಡಗೆರೆ ಎಳೆದಿದ್ದರೆ ಎಡ ತಿರುವು ನಿಷೇಧ. ತಲೆಕೆಳಗಾದ ಕೆಂಪಂಚಿನ ತ್ರಿಕೋನ ಕಂಡರೆ ದಾರಿ ಬಿಡಿ ಎಂದರ್ಥ. ಸ್ಲಿಪ್ ರೋಡ್ ಮುಖ್ಯ ರಸ್ತೆಗೆ ಸೇರುವ ಬಾಯಲ್ಲಿ ಇದನ್ನು ಹುಡುಕಿ ನೋಡಿ. ನಮ್ಮ ಕಡೆ ಇದು ಬ್ಯಾನರಿನ ಹಿಂದೆಯೋ ಮಳೆಗಾಲದಲ್ಲಿ ಬೆಳೆದ ಬಳ್ಳಿಯ ಒಳಗೋ ಇರುವುದುಂಟು. ತ್ರಿಕೋನ ಕಾಣದಿದ್ದರೂ ಸ್ಲಿಪ್ ರೋಡಿನಿಂದ ಸೇರುವವರು ಮುಖ್ಯ ರಸ್ತೆಯವರಿಗೆ ದಾರಿ ಬಿಡುವುದೇ ಸರಿ.

ಜಂಕ್ಷನ್‌ನಲ್ಲಿ ಸಂಚಾರ ಪೊಲೀಸರು ನಿಂತು ಕೈಸನ್ನೆ ಮಾಡುತ್ತಿದ್ದರೆ ದೀಪ ಏನೇ ಹೇಳಲಿ, ಅವರ ಕೈಯೇ ಅಂತಿಮ. ಹಸಿರು ಇದೆಯಲ್ಲ ಎಂದು ವಾದಿಸುವ ಜಾಗ ಅದಲ್ಲ.

3. ಗೆರೆಯ ಹಿಂದೆ ನಿಲ್ಲಿ

ಕೆಂಪಿದ್ದು ಎಡಕ್ಕೆ ಅನುಮತಿಯಿಲ್ಲದಿದ್ದರೆ ಸ್ಟಾಪ್ ಲೈನ್‌ನ ಹಿಂದೆ ನಿಲ್ಲಬೇಕು. ಗೆರೆ ಅಳಿಸಿಹೋಗಿದ್ದರೆ ಝೀಬ್ರಾ ಪಟ್ಟೆಯ ಹಿಂದೆ, ಅದೂ ಇಲ್ಲದಿದ್ದರೆ ಸಿಗ್ನಲ್ ಕಂಬದ ಹಿಂದೆ. ಸೆಕೆಂಡುಗಳ ಎಣಿಕೆ ಇಳಿಯುತ್ತಿರುವಾಗ ಇಂಚಿಂಚೇ ಮುಂದೆ ಜರುಗುವುದು ನಮ್ಮಲ್ಲಿ ದೊಡ್ಡ ಚಾಳಿ. ಸ್ಕೂಟರ್‌ಗಳಂತೂ ಪಟ್ಟೆಯ ಮೇಲೇ ನಿಂತಿರುತ್ತವೆ. ಆಗ ದಾಟುವವರು ವಾಹನಗಳ ಮುಂದೆ ಸುತ್ತು ಹಾಕಿ, ಜಂಕ್ಷನ್‌ನ ಒಳಗೆ ಹೆಜ್ಜೆ ಇಡಬೇಕಾಗುತ್ತದೆ. ಫ್ರೀ ಲೆಫ್ಟ್ ಎಂದು ನುಗ್ಗುವವರ ದಾರಿಗೆ ಅವರು ಸಿಗುವುದು ಹೀಗೆ.

4. ನೋಡುವ ಕ್ರಮ: ಬಲಕ್ಕೆ, ಎದುರಿನ ಪಟ್ಟೆಗೆ, ಎಡಗನ್ನಡಿಗೆ

ಅನುಮತಿ ಇದೆ ಎಂದುಕೊಳ್ಳೋಣ. ಈಗ ವೇಗವನ್ನು ಓಡುವವರ ವೇಗಕ್ಕೆ ಇಳಿಸಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಮುಂದೆ ಹೋಗುತ್ತದೆ. ಮಗುವೊಂದು ಪಟ್ಟೆಗೆ ಇಳಿದದ್ದನ್ನು ಕಂಡು ನಿಮ್ಮ ಕಾಲು ಬ್ರೇಕ್‌ಗೆ ತಲುಪುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ, ಬ್ರೇಕ್ ಹಿಡಿಯುವುದು ಆಮೇಲೆ.

ಮೊದಲು ಬಲಕ್ಕೆ ನೋಡಿ. ನೀವು ಸೇರಲಿರುವ ರಸ್ತೆಗೆ ಹಸಿರು ಸಿಕ್ಕ ವಾಹನಗಳು ಬರುವುದು ಅಲ್ಲಿಂದ. ನಂತರ ತಿರುವಿನ ಆಚೆಯ ಝೀಬ್ರಾ ಪಟ್ಟೆ. ಆಮೇಲೆ ಎಡಗನ್ನಡಿ, ಜೊತೆಗೆ ಭುಜದ ಮೇಲಿಂದ ಎಡಕ್ಕೆ ಒಂದು ನೋಟ. ಕಡೆಗೆ ಇನ್ನೊಮ್ಮೆ ಬಲಕ್ಕೆ.

ಇಲ್ಲಿ ಒಂದು ದೊಡ್ಡ ಅಪಾಯ ಇದೆ. ಚಾಲಕರ ಕಣ್ಣು ಬಲಕ್ಕೇ ಅಂಟಿಕೊಳ್ಳುತ್ತದೆ. ಬಲದಿಂದ ಬರುವ ಬಸ್ಸಿನ ಹಿಂದೆ ಸಂದು ಸಿಕ್ಕಿತೆಂದು ಹೊರಡುತ್ತಾರೆ, ಮುಖ ಇನ್ನೂ ಬಲಕ್ಕೇ ಇರುತ್ತದೆ, ವಾಹನ ಮಾತ್ರ ಎಡಕ್ಕೆ ಹೋಗುತ್ತಿರುತ್ತದೆ. ಅಷ್ಟರಲ್ಲಿ ಮುಂದಿದ್ದವರು ಅನುಮಾನಿಸಿ ಬ್ರೇಕ್ ಹಾಕಿದ್ದರೆ ನೇರ ಅವರ ಹಿಂಬದಿಗೆ. ವಾಹನ ಚಲಿಸುವ ಗಳಿಗೆಯಲ್ಲಿ ಕಣ್ಣು ಚಲಿಸುವ ದಿಕ್ಕಿನಲ್ಲೇ ಇರಬೇಕು.

ಗಲ್ಫ್‌ನಿಂದ ರಜೆಗೆ ಬರುವವರು ಕರಾವಳಿಯ ಮನೆಮನೆಯಲ್ಲೂ ಇದ್ದಾರೆ, ಅವರಿಗಾಗಿ ಒಂದು ಮಾತು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಸಣ್ಣ ತಿರುವು ಬಲಕ್ಕೆ, ತಿರುಗುವ ಮೊದಲು ನೋಡಬೇಕಾದದ್ದು ಎಡಕ್ಕೆ. ಊರಿಗೆ ಬಂದ ಮೊದಲ ದಿನಗಳಲ್ಲಿ ಕೈ ಸರಿಯಾಗಿ ಎಡಕ್ಕೆ ತಿರುಗಿಸಿದರೂ ಕತ್ತು ಹಳೆಯ ಅಭ್ಯಾಸದಂತೆ ಎಡಕ್ಕೇ ಹೊರಳುತ್ತದೆ. ಕೆಲವು ದಿನ ಪಕ್ಕದ ಸೀಟಿನಲ್ಲಿ ಇಲ್ಲಿನ ರಸ್ತೆ ಬಲ್ಲವರನ್ನು ಕೂರಿಸಿಕೊಳ್ಳಿ.

5. ತಿರುಗುವಾಗ ಬಸ್ಸಿನ ಎಡಮಗ್ಗುಲಿಗೆ ಹೋಗಬೇಡಿ

ಸ್ಕೂಟರ್, ಬೈಕ್ ಓಡಿಸುವವರು ಈ ಭಾಗವನ್ನು ಎರಡು ಸಲ ಓದಿದರೂ ನಷ್ಟವಿಲ್ಲ.

ಉದ್ದದ ವಾಹನ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಸರಿದು ಬರುತ್ತವೆ. ಬಸ್ಸಿನ ತಿರುವು ಬಿಗಿಯಾಗಿದ್ದರೆ ಈ ಸರಿತ ಒಂದು ಮೀಟರಿಗೂ ಹೆಚ್ಚಿರುತ್ತದೆ. ಬಸ್ಸಿನ ಮೂತಿ ದಾಟಿಹೋದಾಗ ಕಟ್ಟೆಗೂ ಬಸ್ಸಿಗೂ ನಡುವೆ ಸ್ಕೂಟರ್ ಹೋಗುವಷ್ಟು ಜಾಗ ಕಾಣುತ್ತದೆ. ಬಸ್ಸಿನ ನಡುಭಾಗ ಬರುವಷ್ಟರಲ್ಲಿ ಆ ಜಾಗ ಅರ್ಧವಾಗಿ, ಹಿಂಚಕ್ರ ಬರುವಾಗ ಇಲ್ಲವೇ ಆಗಿರುತ್ತದೆ. ಅಡಿಕೆ ಕತ್ತರಿಯ ಬಾಯಿ ಮುಚ್ಚಿದಂತೆ.

ಇದಕ್ಕೆ ಜೊತೆಯಾಗಿ ಇನ್ನೊಂದು ಮೋಸ. ಅಷ್ಟು ಉದ್ದದ ವಾಹನ ಎಡಕ್ಕೆ ತಿರುಗಬೇಕಾದರೆ ಮೊದಲು ಸ್ವಲ್ಪ ಬಲಕ್ಕೆ ಸರಿಯಬೇಕು. ಮಂಗಳೂರಿನ ನಂತೂರು ಜಂಕ್ಷನ್‌ನಲ್ಲಿ ಕೆಪಿಟಿ ಕಡೆಯಿಂದ ಬಂದು ಮೂಡುಬಿದಿರೆ ರಸ್ತೆಗೆ ಎಡಕ್ಕೆ ತಿರುಗುವ ಲಾರಿಯನ್ನು ಗಮನಿಸಿ. ಬಲಕ್ಕೆ ಸರಿದದ್ದನ್ನು ಕಂಡು, ಅದು ನೇರ ಪಂಪ್‌ವೆಲ್‌ಗೆ ಹೋಗುತ್ತದೆ ಎಂದುಕೊಂಡು ಎಡದ ಸಂದಿಗೆ ತೂರಿದವರು ಸಿಕ್ಕಿಹಾಕಿಕೊಳ್ಳುತ್ತಾರೆ. ದೊಡ್ಡ ವಾಹನದ ಎಡ ಇಂಡಿಕೇಟರ್ ಉರಿಯುತ್ತಿದ್ದರೆ, ಅದು ಯಾವ ಕಡೆ ಸರಿದರೂ, ಹಿಂದೆಯೇ ಉಳಿಯಿರಿ. ಇಂಡಿಕೇಟರ್ ಉರಿಯದಿದ್ದರೂ ಜಂಕ್ಷನ್ ಹತ್ತಿರ ಅದರ ಎಡಮಗ್ಗುಲಿಗೆ ಹೋಗದಿರುವುದು ಲೇಸು.

ಮುಂಬಾಗಿಲಿನ ಪಕ್ಕ, ಬಂಪರಿನ ಎಡ ಮೂಲೆ, ಹಿಂಬದಿಗೆ ತೀರಾ ಹತ್ತಿರ, ಇವು ಬಸ್ ಚಾಲಕರ ಬ್ಲೈಂಡ್ ಸ್ಪಾಟ್‌ಗಳು. ಬಸ್ಸಿನ ಎಡಗನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ, ನೀವೂ ಅವರಿಗೆ ಕಾಣುತ್ತಿಲ್ಲ. ಹಿಂಬಾಗಿಲಿನಲ್ಲಿ ನಿಂತ ಕಂಡಕ್ಟರ್ ತುಳುವಿನಲ್ಲಿ ‘ರೈಟ್ ಪೋಯಿ’ (ಸರಿ, ಹೋಗೋಣ) ಎಂದದ್ದು ಇಳಿಯುವವರು ಇಳಿದು ಹತ್ತುವವರು ಹತ್ತಿದರು ಎಂಬುದಕ್ಕೆ. ನಿಮ್ಮ ಸ್ಕೂಟರನ್ನು ನೋಡಿ ಹೇಳಿದ್ದಲ್ಲ.

ಕಾರಿನವರಿಗೂ ಇದರಲ್ಲಿ ಪಾಲಿದೆ. ನೀವು ಎಡಕ್ಕೆ ತಿರುಗುವಾಗ ನಿಮಗೂ ಕಟ್ಟೆಗೂ ನಡುವೆ ಸ್ಕೂಟರ್ ತೂರಬಹುದಾದಷ್ಟು ಜಾಗ ಬಿಟ್ಟರೆ ಅದು ತೂರಿಯೇ ತೂರುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ಎಡಕ್ಕೆ ಒತ್ತಿಕೊಂಡು ಬನ್ನಿ, ಅಗಲಕ್ಕೆ ಹೋಗಿ ತಿರುಗಬೇಡಿ. ಮುಂಗಾಜಿನ ಎಡಕಂಬದ ಮರೆಯಲ್ಲಿ ಒಬ್ಬ ಪಾದಚಾರಿ ಪೂರ್ತಿ ಮುಚ್ಚಿಹೋಗಬಹುದು. ತಲೆಯನ್ನು ಸ್ವಲ್ಪ ಮುಂದೆ ಬಾಗಿಸಿ ನೋಡುವುದು ಅತಿಯೇನಲ್ಲ.

ಇಂಡಿಕೇಟರ್ ಕೆಟ್ಟಿದ್ದರೆ ಕೈಸನ್ನೆಗೆ ಕಾನೂನಿನಲ್ಲಿ ಜಾಗವಿದೆ: ಬಲಗೈಯನ್ನು ಹೊರಚಾಚಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಎಡಕ್ಕೆ ಹೋಗುತ್ತೇನೆ ಎಂದರ್ಥ. ಇಂದಿನ ಚಾಲಕರಲ್ಲಿ ಎಷ್ಟು ಮಂದಿಗೆ ಅದು ಅರ್ಥವಾದೀತು ಎಂಬ ಅನುಮಾನ ನನಗಿದೆ. ಬಲ್ಬ್ ಬದಲಿಸುವುದೇ ಸುಲಭ.

6. ತಿರುಗಿದ ಮೇಲಿನ ಮೊದಲ ಇಪ್ಪತ್ತು ಮೀಟರ್

ಎಡಕ್ಕೆ ತಿರುಗಿದವರು ಎಡಸಾಲಿಗೇ ಸೇರಬೇಕು. ತಿರುಗಿದ ಓಘದಲ್ಲೇ ಬಲಸಾಲಿಗೆ ಹಾರುವುದು ಬೇಡ, ಅಲ್ಲಿ ಹಸಿರು ಸಿಕ್ಕ ವಾಹನಗಳು ವೇಗದಲ್ಲಿ ಬರುತ್ತಿರುತ್ತವೆ. ಜೊತೆಗೆ, ನಮ್ಮ ಊರುಗಳಲ್ಲಿ ಬಸ್ ತಂಗುದಾಣ, ರಿಕ್ಷಾ ಪಾರ್ಕ್, ಹೂವಿನ ಅಂಗಡಿ ಎಲ್ಲವೂ ತಿರುವಿನ ಬಾಯಲ್ಲೇ ಇರುತ್ತವೆ. ಬಸ್ ನಿಂತಿರಬಹುದು, ಅದರ ಮುಂದಿನಿಂದ ಯಾರಾದರೂ ರಸ್ತೆಗೆ ಇಳಿಯಬಹುದು. ಉಡುಪಿಯ ಕಲ್ಸಂಕದಲ್ಲಿ ಮಣಿಪಾಲದ ಕಡೆಯಿಂದ ಬಂದು ಕೃಷ್ಣ ಮಠದತ್ತ ತಿರುಗುವವರು ಇದನ್ನು ಇನ್ನಷ್ಟು ನೆನಪಿಡಬೇಕು. ಅಲ್ಲಿ ನಡೆಯುವವರಲ್ಲಿ ಅನೇಕರು ಪರವೂರಿನ ಯಾತ್ರಿಕರು, ದಾರಿ ಹುಡುಕುತ್ತ ಹೋಗುವವರು. ಅವರಿಂದ ಚುರುಕಾದ ನಡೆಯನ್ನು ನಿರೀಕ್ಷಿಸುವಂತಿಲ್ಲ.

ತಿರುಗಿದ ರಸ್ತೆ ಮುಂದೆ ತುಂಬಿ ನಿಂತಿದ್ದರೆ ಅನುಮತಿ ಇದ್ದರೂ ಹೊರಡಬೇಡಿ. ನಿಮ್ಮ ಹಿಂಭಾಗ ಜಂಕ್ಷನ್‌ನೊಳಗೆ ಉಳಿದು ಎಲ್ಲರ ದಾರಿ ಮುಚ್ಚುತ್ತದೆ.

ಇನ್ನು, ನೇರ ಹೋಗಬೇಕಾದವರು ಕೆಂಪು ತಪ್ಪಿಸಲು ಫ್ರೀ ಲೆಫ್ಟ್ ಹಿಡಿದು, ತುಸು ಮುಂದೆ ಯೂ ಟರ್ನ್ ಹೊಡೆದು, ವಾಪಸ್ ಬಂದು ಮತ್ತೆ ಎಡಕ್ಕೆ ತಿರುಗಿ ತಮ್ಮ ದಾರಿ ಸೇರುವ ಒಂದು ಕಸರತ್ತಿದೆ. ಬುದ್ಧಿವಂತಿಕೆ ಎಂದು ಇದನ್ನು ಹೇಳಿಕೊಡುವವರೂ ಇದ್ದಾರೆ. ಜಂಕ್ಷನ್‌ನಿಂದ ಆಗಷ್ಟೇ ಹೊರಬಿದ್ದ ವಾಹನಗಳ ಎದುರು ಅಡ್ಡ ತಿರುಗುವುದು ಇದರ ಮುಖ್ಯ ಭಾಗ. ಉಳಿಯುವುದು ಅರ್ಧ ನಿಮಿಷ.

ಮಳೆಗಾಲಕ್ಕೆ ಪ್ರತ್ಯೇಕವಾಗಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡ ತಿರುವಿನ ಲೆಕ್ಕವೇ ಬೇರೆ. ರಸ್ತೆಯ ಎಡ ಅಂಚು ನೀರಿನಡಿ ಮುಚ್ಚಿರುತ್ತದೆ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳ ಅಂಚು ಪಕ್ಕದ ಮಣ್ಣಿಗಿಂತ ಎತ್ತರದಲ್ಲಿರುವ ಕಡೆ, ಸ್ಕೂಟರಿನ ಮುಂಚಕ್ರ ಒಮ್ಮೆ ಕೆಳಗಿಳಿದರೆ ಓರೆಯಾಗಿ ಮೇಲೆ ಹತ್ತುವುದಿಲ್ಲ, ಅಂಚಿಗೆ ಉಜ್ಜಿಕೊಂಡೇ ಸಾಗಿ ಸವಾರರನ್ನು ಕೆಡವುತ್ತದೆ. ತಿರುವಿನಲ್ಲಿ ಅಂಚಿನಿಂದ ಒಂದು ಅಡಿಯಾದರೂ ಒಳಗಿರಿ. ಇಳಿದೇಬಿಟ್ಟರೆ ಗಾಬರಿಯಿಂದ ಹ್ಯಾಂಡಲ್ ಎಳೆಯದೆ ವೇಗ ಇಳಿಸಿ, ನಿಂತು, ಆಮೇಲೆ ಹತ್ತಿಸಿ.

ಮೀನಿನ ಲಾರಿಗಳಿಂದ ಸೋರುವ ನೀರು ಇನ್ನೊಂದು ಕಾಟ. ಇದಕ್ಕೆ ಮಳೆಗಾಲವೇ ಬೇಕೆಂದಿಲ್ಲ. ಲಾರಿ ತಿರುಗುವಾಗಲೇ ನೀರು ಹೆಚ್ಚು ಚೆಲ್ಲುವುದರಿಂದ ತಿರುವಿನ ಒಳಭಾಗದಲ್ಲೇ ಜಿಡ್ಡು ಕೂತಿರುತ್ತದೆ. ವಾಸನೆ ಬಂದರೆ ಅದನ್ನೇ ಫಲಕವೆಂದು ತಿಳಿಯಿರಿ: ಬ್ರೇಕ್ ಹಾಕುವ ಕೆಲಸವನ್ನು ತಿರುಗುವ ಮೊದಲು, ಗಾಡಿ ನೆಟ್ಟಗಿರುವಾಗಲೇ ಮುಗಿಸಿ, ತಿರುವಿನ ನಡುವೆ ಮುಂಬ್ರೇಕ್ ಹಿಂಡಬೇಡಿ. ಝೀಬ್ರಾ ಪಟ್ಟೆಯ ಬಣ್ಣವೂ ನೆನೆದರೆ ಜಾರುತ್ತದೆ.

ರೈನ್‌ಕೋಟಿನ ಟೋಪಿಯನ್ನು ಹೆಲ್ಮೆಟ್ ಮೇಲೆ ಎಳೆದುಕೊಂಡವರಿಗೆ ಪಕ್ಕದ ನೋಟವೇ ಇರುವುದಿಲ್ಲ. ಟೋಪಿ ಹೆಲ್ಮೆಟ್‌ನ ಒಳಗೋ ಬೆನ್ನ ಮೇಲೋ ಇರಲಿ.

ಸಿಗ್ನಲ್ ಕೆಟ್ಟಿದ್ದರೆ, ಮಿನುಗುತ್ತಿದ್ದರೆ

ಹಳದಿ ದೀಪ ಮಿನುಗುತ್ತಿದ್ದರೆ ವೇಗ ಇಳಿಸಿ, ಎಚ್ಚರದಿಂದ ಮುಂದುವರಿಯಿರಿ. ತಡರಾತ್ರಿ ಹೆಚ್ಚಿನ ಸಿಗ್ನಲ್‌ಗಳು ಈ ಸ್ಥಿತಿಯಲ್ಲಿರುತ್ತವೆ. ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ನೋಡಿ, ಆಮೇಲೆ ಹೋಗಬೇಕು. ಕರೆಂಟ್ ಹೋಗಿ ದೀಪವೇ ಇಲ್ಲದಿದ್ದರೆ ಮುಖ್ಯ ರಸ್ತೆಯವರಿಗೆ ದಾರಿ ಬಿಡಿ, ಎರಡೂ ಸಮಾನ ರಸ್ತೆಗಳಾದರೆ ಬಲದಿಂದ ಬರುವವರಿಗೆ ಬಿಡಿ. ನಡುವೆ ವೃತ್ತವಿರುವ ಸರ್ಕಲ್‌ಗಳಲ್ಲಿ ಆಗಲೇ ವೃತ್ತದೊಳಗೆ ಸುತ್ತುತ್ತಿರುವವರಿಗೆ ಮೊದಲ ಹಕ್ಕು. ಎಡಕ್ಕೆ ತಿರುಗುವವರು ವೃತ್ತಕ್ಕೆ ಹೋಗುವುದೇ ಇಲ್ಲವಲ್ಲ ಎನ್ನಬೇಡಿ, ವೃತ್ತದಲ್ಲಿ ಸುತ್ತುತ್ತಿರುವವರು ಹೊರಬರುವ ದಾರಿಯೂ ನೀವು ಸೇರುವ ದಾರಿಯೂ ಒಂದೇ ಆಗಿರಬಹುದು. ಹೆದ್ದಾರಿ ಕಾಮಗಾರಿ ನಡೆಯುವ ಕಡೆ ತಿರುವಿನ ಜಾಗವೇ ಬದಲಾಗುತ್ತಿರುತ್ತದೆ, ಹಳೆಯ ನೆನಪಿನ ಮೇಲೆ ತಿರುಗಬೇಡಿ.

ಹಿಂದೆ ಆಂಬುಲೆನ್ಸ್ ಬಂದರೆ

ಆಸ್ಪತ್ರೆಗಳ ಊರು ನಮ್ಮದು. ಈ ಪ್ರಶ್ನೆಯೂ ಅಷ್ಟೇ ಸಲ ಬರುತ್ತದೆ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 194ಇ ಕಲಂ ಪ್ರಕಾರ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಂಪಿನಲ್ಲಿ ಮುಂದಿನ ಸಾಲಿನಲ್ಲಿದ್ದರೆ ಮೊದಲು ನಿಂತಲ್ಲೇ ಎಡಕ್ಕೆ ಒತ್ತಿಕೊಳ್ಳಿ. ಅದು ಸಾಲದಿದ್ದರೆ ಬಲದಿಂದ ಬರುವವರು ನಿಂತದ್ದನ್ನು ಖಚಿತಪಡಿಸಿಕೊಂಡು, ತೆವಳುವ ವೇಗದಲ್ಲಿ ಎಡ ಮೂಲೆಗೆ ಸರಿಯಿರಿ. ಸೈರನ್ ಕೇಳಿದೊಡನೆ ಜಂಕ್ಷನ್ ಸೀಳಿಕೊಂಡು ಓಡಬೇಡಿ. ಆಂಬುಲೆನ್ಸ್ ಹೋದ ಮೇಲೆ ಅದರ ಬಾಲ ಹಿಡಿದು ಹೋಗುವುದೂ ಬೇಡ.

ನೋಟಿಸ್ ಬಂದರೆ

ಎಡಕ್ಕೆ ತಿರುಗಿದ್ದಕ್ಕೆ ಕ್ಯಾಮೆರಾ ನೋಟಿಸ್ ಬಂದರೆ ಮೊದಲು ಚಿತ್ರ ನೋಡಿ: ನಂಬರ್ ನಿಮ್ಮದೇ ಹೌದೇ, ಗೆರೆ ದಾಟಿದಾಗ ಯಾವ ದೀಪ ಉರಿಯುತ್ತಿತ್ತು, ಎಡಬಾಣ ಇತ್ತೇ, ಹಿಂದೆ ಆಂಬುಲೆನ್ಸ್ ಇತ್ತೇ. ತಪ್ಪು ನಿಮ್ಮದಾದರೆ ಕಟ್ಟಿಬಿಡಿ. ಫ್ರೀ ಲೆಫ್ಟ್ ಫಲಕವಿದ್ದೂ ನೋಟಿಸ್ ಬಂದಿದ್ದರೆ ಆ ಫಲಕ, ಸಿಗ್ನಲ್ ಕಂಬ, ಸ್ಟಾಪ್ ಲೈನ್ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಅದೇ ದಿನ ಫೋಟೋ ತೆಗೆದು, ನೋಟಿಸ್‌ನ ಪ್ರತಿಯೊಂದಿಗೆ ಸಂಚಾರ ಪೊಲೀಸ್ ಠಾಣೆಗೆ ಲಿಖಿತವಾಗಿ ಕೊಡಿ. ಅಲ್ಲಿ ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸಲು ನಿಮಗೆ ಅವಕಾಶವಿದೆ. ಫೋಟೋ ತೆಗೆಯುವಾಗ ವಾಹನವನ್ನು ತಿರುವಿನ ಬಾಯಲ್ಲಿ ನಿಲ್ಲಿಸಬೇಡಿ, ಅದಕ್ಕೆ ಇನ್ನೊಂದು ನೋಟಿಸ್ ಬಂದೀತು.